ಕೋಟೆಯಿಂದ ಕಮಲಾಪುರಕ್ಕೆ, ಕಾಲ ಮೇಲೆ

ನಾನು ಮ್ಯಾರಥಾನ್ ಓಡಿದ ದಿನ ನನ್ನ ಗಂಡ ನನ್ನ ಹಿಂದೆ ಟೆಂಪೊ ತೆಗೆದುಕೊಂಡು ಬಂದಿದ್ದರು. ಅದರೊಳಗೆ ಹಾಸಿಗೆ ಹಾಸಿತ್ತು, ತಲೆದಿಂಬು ಇತ್ತು, ಹೊದೆಯಲು ಒಂದು ಕೌದಿಯೂ ಇತ್ತು. ಕಲಬುರಗಿ ಕೋಟೆಯ ಬಾಗಿಲಲ್ಲಿ ನಸುಕಿನ ಚಳಿಗೆ ಕೈ ಉಜ್ಜುತ್ತ ನಿಂತಿದ್ದ ಓಟಗಾರ ಹುಡುಗರು ಅದನ್ನು ನೋಡಿ, ಯಾರೋ ರೋಗಿಯನ್ನು ಸಾಗಿಸಲು ಬಂದ ಗಾಡಿ ಎಂದುಕೊಂಡರು. ರೋಗಿ ಅಲ್ಲೇ ಅವರ ಪಕ್ಕದಲ್ಲಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು.

ನಮ್ಮ ಮನೆ ಖೂಬಾ ಪ್ಲಾಟಿನಲ್ಲಿ. ಯಜಮಾನರು ನಂದೂರಿನ ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ನಾನು ವರ್ಷಾನುಗಟ್ಟಲೆ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಊರಿನ ಖಾನಾವಳಿಗಳಿಗೆ ಕೊಟ್ಟವಳು. ನನ್ನ ರೊಟ್ಟಿಯ ಹೆಸರು ಹೇಳಿ ಊಟ ಮಾರಿದವರಿದ್ದಾರೆ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹೀಗಿರುವಾಗ ಚಿಕುನ್‌ಗುನ್ಯಾ ಬಂತು. ಜ್ವರ ಬಿಟ್ಟು ಹೋಯಿತು, ನೋವು ಮಾತ್ರ ಖಾಲಿ ಮಾಡದ ಬಾಡಿಗೆದಾರನ ಹಾಗೆ ಮೊಣಕಾಲಿನಲ್ಲಿ ಉಳಿದುಕೊಂಡಿತು. ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕಾಗುತ್ತಿತ್ತು.

ಮನೆಯವರು ಒಳ್ಳೆಯವರು. ಅದೇ ಕಷ್ಟವಾಯಿತು. ಕೈಯೊಳಗಿನ ಕೆಲಸವನ್ನೆಲ್ಲ ಒಂದೊಂದಾಗಿ ಕಸಿದುಕೊಂಡರು. ಒಲೆಯ ಹತ್ತಿರ ಹೋದರೆ ಸೊಸೆ "ಬಿಡ್ರಿ ಅತ್ತಿ, ನೀವು ಕೂಡ್ರಿ" ಅನ್ನುತ್ತಿದ್ದಳು. ನೀರು ತರಲು ಎದ್ದರೆ ಗಂಡ "ನೀ ಕೂಡು" ಅನ್ನುತ್ತಿದ್ದರು. ಮದುವೆಯಾದಾಗಿನಿಂದ ಕೂತಲ್ಲಿಂದಲೇ ನೀರು, ಚಹಾ, ಟವೆಲ್ಲು ಎಂದು ಕೂಗುತ್ತಿದ್ದ ಮನುಷ್ಯ ನನ್ನನ್ನು ಏನೂ ಕೇಳುವುದನ್ನೇ ಬಿಟ್ಟರು. ತಾವೇ ಎದ್ದು ಹೋಗಿ ಕೊಡದಿಂದ ನೀರು ಮೊಗೆದುಕೊಂಡು ಕುಡಿಯುತ್ತಿದ್ದರು. ಓಣಿಯ ಹೆಂಗಸರು "ನೀವು ಪುಣ್ಯಾ ಮಾಡೀರಿ" ಎಂದರು. ನಾನು ಮಾತ್ರ ಅವರು ನೀರು ಮೊಗೆಯುವ ಸಪ್ಪಳ ಕೇಳಿದಾಗಲೆಲ್ಲ ಗೋಡೆಯ ಕಡೆ ಮಗ್ಗುಲಾಗುತ್ತಿದ್ದೆ. ಯಾರಿಗೂ ಬೇಡವಾದ ಸಾಮಾನನ್ನು ಅಟ್ಟಕ್ಕೆ ಹಾಕುತ್ತಾರಲ್ಲ, ನನ್ನನ್ನು ಹಾಸಿಗೆಗೆ ಹಾಕಿದ್ದರು, ಅಷ್ಟೇ.

ಡಾಕ್ಟರು ನಡೆಯಿರಿ ಎಂದರು. ಕೋಟೆಯೊಳಗೆ ನಡೆಯತೊಡಗಿದೆ. ಅಲ್ಲಿ ಸಿಕ್ಕವಳು ಆಪಾ. ಮೋಮಿನಪುರದಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಾಳೆ, ಸಕ್ಕರೆ ಕಾಯಿಲೆ, ಅವಳಿಗೂ ಡಾಕ್ಟರದೇ ಅಪ್ಪಣೆ. ನಮ್ಮಿಬ್ಬರಲ್ಲಿ ಯಾರು ದೊಡ್ಡವರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಅವಳು ನನ್ನನ್ನು ಅಕ್ಕಾ ಅನ್ನುತ್ತಾಳೆ, ನಾನು ಅವಳನ್ನು ಆಪಾ ಅನ್ನುತ್ತೇನೆ, ಅವರ ಮಾತಿನಲ್ಲಿ ಅದೂ ಅಕ್ಕನೇ, ಇಬ್ಬರೂ ತಾವೇ ಸಣ್ಣವರು ಎಂದು ಸುಖವಾಗಿದ್ದೇವೆ. ನಮ್ಮ ನಡಿಗೆ ಓಟವಾದದ್ದು ಕೋಟೆಯ ಒಂದು ನಾಯಿಯ ಕೃಪೆ. ಒಂದು ಮುಂಜಾನೆ ಅದು ಬೆನ್ನು ಹತ್ತಿತು. ದೊಡ್ಡ ಫಿರಂಗಿ ತೋಪಿನ ಬುರುಜಿನ ತನಕ ಓಡಿ, ನಾಯಿ ಯಾವಾಗಲೋ ಬಿಟ್ಟುಹೋದದ್ದು ಗೊತ್ತಾಗಿ, ಗೋಡೆಗೆ ಒರಗಿ ನಿಂತು ನಕ್ಕೆವು. ಆಮೇಲೆ ನನಗೆ ಹೊಳೆಯಿತು. ಮೊಣಕಾಲು ನನ್ನನ್ನು ಕೇಳದೆಯೇ ಓಡಿತ್ತು.

ಮಾರನೆಯ ದಿನದಿಂದ ನಾಯಿ ಇಲ್ಲದೆಯೂ ಓಡಿದೆವು. ಮೊದಲು ಕೋಟೆಯೊಳಗಿನ ಮಸೀದಿಯ ತನಕ, ಆಮೇಲೆ ಕಂದಕದ ಸುತ್ತ, ಮಳೆಗಾಲ ಕಳೆಯುವ ಹೊತ್ತಿಗೆ ಊರ ಹೊರಗೆ. ಅಷ್ಟರಲ್ಲಿ ಊರಿನ ಕೆಲವು ಹುಡುಗರು ಸೇರಿ ಒಂದು ಸಣ್ಣ ಮ್ಯಾರಥಾನ್ ಇಟ್ಟರು. ಕೋಟೆಯೊಳಗೆ ಸುತ್ತು ಹಾಕಿ, ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ ಮುಟ್ಟಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿನ ಶಾಲೆಯ ಮೈದಾನದಲ್ಲಿ ಓಟದ ಕೊನೆಗೆ ಕಟ್ಟಿದ ಕಮಾನು ಬಿಚ್ಚುತ್ತಾರೆ, ಅಷ್ಟರೊಳಗೆ ಬಂದವರಿಗಷ್ಟೇ ಪದಕ. ದಾರಿಯಲ್ಲಿ ಗಾಡಿ ಹತ್ತಿದರೆ ಮುಗಿಯಿತು.

ಮನೆಯಲ್ಲಿ ಹೇಳಿದಾಗ ಗಂಡ ತಲೆ ಮೇಲೆ ಕೈ ಹೊತ್ತು ಕೂತರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸೊಸೆಯ ಎದುರಿಗೇ ಕರಾರು ಹಾಕಿದೆ.

"ಕಮಲಾಪುರ ಮುಟ್ಟಿದ್ನೆಂದ್ರ ಇನ್ನ ಮ್ಯಾಲ ಈ ಮನ್ಯಾಗ ಯಾರೂ ನನಗ ಕೂಡು ಅನಬಾರ್ದು. ಮುಟ್ಟಲಿಲ್ಲಂದ್ರ ನೀವು ಹೇಳ್ದಂಗ ಸಾಯೂತನಕ ಕೂಡ್ತೀನಿ."

ಗಂಡ ತಲೆಯಿಂದ ಕೈ ಇಳಿಸಿ, "ಆತು. ಆದ್ರ ನಾ ಗಾಡಿ ತಗೊಂಡು ಹಿಂದ ಬರ್ತೀನಿ" ಎಂದರು. ಆ ಗಾಡಿಯೇ ಹಾಸಿಗೆ ಹಾಸಿದ ಈ ಟೆಂಪೊ. ಹೊರಡುವ ಮೊದಲೇ ಸೋತವಳ ಮೆರವಣಿಗೆಗೆ ತಯಾರಿ ಮಾಡಿದ ಹಾಗಿತ್ತು. ಅವರ ಮೇಲಿನ ಸಿಟ್ಟಿನಲ್ಲೇ ನಾನು ಹಾದಿಯ ಮೊದಲ ಭಾಗವನ್ನು ಓಡಿ ಮುಗಿಸಿದೆ ಎಂದರೆ ಸುಳ್ಳಲ್ಲ.

ಕೋಟೆಯೊಳಗಿನ ಸುತ್ತು ನಮ್ಮದೇ ಹಿತ್ತಲಿದ್ದ ಹಾಗೆ. ಸಂಘಟಕ ಹುಡುಗ ಮೈಕಿನಲ್ಲಿ ಈ ನೆಲದಲ್ಲಿ ನಡೆದ ಕಾಳಗಗಳ ಬಗ್ಗೆ, ಸುಲ್ತಾನರ ಬಗ್ಗೆ ಹೇಳುತ್ತಲೇ ಇದ್ದ. ಮುತ್ತಿಗೆ ಹಾಕಿದವರೂ ಹೋದರು, ಕಾದವರೂ ಹೋದರು, ಆ ಉದ್ದನೆಯ ತೋಪೊಂದು ಬುರುಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದೆ. ಅದರ ಕೆಳಗೆ ಹಾಯುವಾಗ ನನಗೆ ಅನಿಸಿದ್ದು ಇಷ್ಟೇ: ಇಲ್ಲಿ ಕಾದಾಡಿದವರಲ್ಲಿ ಒಬ್ಬರಿಗಾದರೂ ಮೊಣಕಾಲು ನೋವು ಇದ್ದಿರಲೇಬೇಕು, ಅವರ ಹೆಸರನ್ನು ಯಾರೂ ಮೈಕಿನಲ್ಲಿ ಹೇಳುವುದಿಲ್ಲ.

ರಸ್ತೆಗೆ ಬೀಳುವಷ್ಟರಲ್ಲಿ ಬೆಳಕಾಯಿತು. ಎರಡೂ ಕಡೆ ತೊಗರಿ ಕಾಯಿ ಕಟ್ಟಿ ನಿಂತಿತ್ತು. ಹುಡುಗರು ಕಣ್ಣಿಗೆ ಕಾಣದಷ್ಟು ಮುಂದೆ ಹೋದರು. ನಾವಿಬ್ಬರೂ ಕೊನೆಯವರು, ನಮ್ಮ ಹಿಂದೆ ಟೆಂಪೊ. ಆಪಾ ದುಪಟ್ಟಾವನ್ನು ಪಿನ್ನು ಹಾಕಿ ಬಿಗಿದಿದ್ದಳು. "ಆಹಿಸ್ತಾ ಅಕ್ಕಾ, ಮೆಲ್ಲಕ, ನೀ ರೊಟ್ಟಿ ಬಡೀತಿದ್ದಿ ಅಲಾ, ಹಂಗ ಒಂದ ಸಮ ಓಡು" ಎಂದಳು. ಅದು ನನಗೆ ತಿಳಿಯುವ ಮಾತು. ಒಂದು ರೊಟ್ಟಿಗೆ ಅವಸರ ಮಾಡಿದರೆ ಅಂಚು ಹರಿಯುತ್ತದೆ, ತಡ ಮಾಡಿದರೆ ಹಿಟ್ಟು ಆರುತ್ತದೆ. ಒಂದೇ ಸಮ ಓಡಿದೆ. ಅರ್ಧ ಹಾದಿ ದಾಟಿದರೂ ಹೊತ್ತು ನಮ್ಮ ಕಡೆಗೇ ಇತ್ತು.

ಆಗ ದಾರಿಯಲ್ಲೊಂದು ಊರು ಬಂತು.

ಸಂಘಟಕರು ಊರಿನ ಹಿರಿಯರಿಗೆ ಕೋಟೆಯಿಂದ ಕಮಲಾಪುರಕ್ಕೆ ಜನ ಕಾಲಮೇಲೆ ಬರುತ್ತಾರೆ, ನೀರಿನ ವ್ಯವಸ್ಥೆ ಮಾಡಿ ಎಂದು ಹೇಳಿದ್ದರಂತೆ. ನಮ್ಮ ಸೀಮೆಯಲ್ಲಿ ಅಷ್ಟು ದೂರ ಕಾಲಮೇಲೆ ಬರುವವರು ಒಂದೇ ಬಗೆಯವರು, ಹರಕೆ ಹೊತ್ತು ಪಾದಯಾತ್ರೆ ಹೊರಟವರು. ಊರಿಗೆ ಊರೇ ಹಾಗೇ ತಿಳಿದಿತ್ತು. ರಸ್ತೆಯ ಪಕ್ಕ ಜಮಖಾನೆ ಹಾಸಿ, ಬುಟ್ಟಿಯಲ್ಲಿ ರೊಟ್ಟಿ, ಝುಣಕಾ, ಶೇಂಗಾ ಹಿಂಡಿ ಚಟ್ನಿ, ಗಟ್ಟಿ ಮೊಸರು ಇಟ್ಟುಕೊಂಡು ಹೆಂಗಸರು ಮುಂಜಾನೆಯಿಂದ ಕಾದಿದ್ದರು. ಮುಂದೆ ಹೋದ ಹುಡುಗರು ಒಬ್ಬರೂ ನಿಂತಿರಲಿಲ್ಲ. ಕೈಯಿಂದ ನೀರಿನ ಗ್ಲಾಸು ಕಸಿದುಕೊಂಡು, ಅರ್ಧ ಕುಡಿದು, ಉಳಿದದ್ದನ್ನು ತಲೆಗೆ ಸುರಿದುಕೊಂಡು ಓಡಿದ್ದರು. ಹೆಂಗಸರ ಮುಖ ಸಣ್ಣದಾಗಿತ್ತು. ಕೊನೆಗೆ ಬಂದ ನಮ್ಮಿಬ್ಬರನ್ನು ಅವರು ಬಿಡುವ ಹಾಗಿರಲಿಲ್ಲ.

ಒಬ್ಬ ಮುದುಕಿ ತಂಬಿಗೆ ಹಿಡಿದು ರಸ್ತೆಯ ನಡುವೆ ನಿಂತಳು. "ಕಾಲು ನೀಡವಾ."

"ಆಯಿ, ಬ್ಯಾಡ್ರಿ, ನಿಂತ್ರ ನಮಗ ತಡ ಆಗ್ತದ" ಎಂದೆ. ನನ್ನ ದನಿ ಸ್ವಲ್ಪ ಜೋರೇ ಇತ್ತು.

"ಎಲ್ಲಾರೂ ಹಂಗ ಅಂದು ಹೋದ್ರು. ನೀನೂ ಹಂಗ ಅಂತೀ ಏನು?"

ಕಾಲಿಗೆ ನೀರು ಹಾಕಲು ನಿಂತವರನ್ನು ದಾಟಿ ಹೋಗುವಷ್ಟು ಗಟ್ಟಿ ಎದೆ ನನಗಿಲ್ಲ. ಹಾಗೆ ನಮ್ಮವ್ವ ನನ್ನನ್ನು ಬೆಳೆಸಿಲ್ಲ. ಮನಸ್ಸಿನಲ್ಲೇ ಊರನ್ನೂ ಸಂಘಟಕರನ್ನೂ ಬೈಯುತ್ತ ಬೂಟು ಬಿಚ್ಚಿ ಜಮಖಾನೆಯ ಮೇಲೆ ಕೂತೆ. ಮುದುಕಿ ನೀರು ಹಾಕಿ, ತನ್ನ ಸೆರಗಿನಿಂದ ಬೆರಳಿನ ಸಂದಿಯನ್ನೂ ಬಿಡದೆ ಒರೆಸಿದಳು. ಒಂದು ತುತ್ತು ಮೊಸರು ರೊಟ್ಟಿ ತಿಂದೆವು. ಬೂಟು ಹಾಕಿಕೊಂಡು ಏಳಲು ಹೋದರೆ ಮೊಣಕಾಲು ಮಡಚಿದ್ದು ಮಡಚಿಯೇ ಇತ್ತು. ಆಪಾ ಒಂದು ಕೈ, ಇನ್ನೊಬ್ಬಾಕೆ ಒಂದು ಕೈ ಹಿಡಿದು ಎಬ್ಬಿಸಿದರು. ನಿಂತೆ, ಹೆಜ್ಜೆ ಕೀಳಲು ಆಗಲಿಲ್ಲ. ಕಣ್ಣಲ್ಲಿ ನೀರು ಬಂತು.

ಗಂಡ ಟೆಂಪೊ ಇಳಿದು ಬಂದರು. "ಸಾಕಿನ್ನ. ಹತ್ತು. ಯಾರೂ ಏನೂ ಅನ್ನೂದಿಲ್ಲ."

ಆ ಮಾತಿನಲ್ಲಿ ಅಣಕವಿರಲಿಲ್ಲ, ಅದೇ ನನ್ನನ್ನು ಮುರಿಯಿತು. ಆಪಾಗೆ "ನೀ ಹೋಗು" ಎಂದೆ. "ನಿನ್ನ ಬಿಟ್ಟು ಹೋದ್ರ ನಾಳೆ ಕಿಲ್ಲಾದಾಗ ಯಾರ ಸಂಗಟ ತಿರುಗ್ಲಿ?" ಎಂದಳು, ಕದಲಲಿಲ್ಲ. ನಾನು ಟೆಂಪೊದ ಕಡೆ ತಿರುಗಿ ಅದರ ಹಲಗೆಯ ಮೇಲೆ ಕೈ ಇಟ್ಟೂ ಬಿಟ್ಟೆ. ಹಾಸಿಗೆ ಎಷ್ಟು ಮೆತ್ತಗೆ ಕಂಡಿತೆಂದು ಇವತ್ತು ಹೇಳಲು ನಾಚಿಕೆಯಾಗುತ್ತದೆ.

ಮುದುಕಿ ಓಡಿ ಬಂದು ನನ್ನ ಕೈಯನ್ನು ಹಲಗೆಯಿಂದ ಕಿತ್ತಳು.

"ಹರಕಿ ಹೊತ್ತಾಕಿ ಗಾಡಿ ಹತ್ತತೀ ಏನವಾ? ನಡುದಾರ್ಯಾಗ ಹರಕಿ ಮುರೀತಾರೇನು?" ಆಮೇಲೆ ನನ್ನ ಗಂಡನ ಕಡೆ ತಿರುಗಿದಳು. "ಯಪ್ಪಾ, ನಿನಗರೆ ತಿಳೀಬಾರ್ದಾ? ಆಕೀ ಪುಣ್ಯಾ ಯಾಕ ಕೆಡಸ್ತಿ? ಗಾಡಿ ಮುಂದ ಒಯ್ಯಿ. ಆಕೀ ಕಣ್ಣಿಗೆ ಬೀಳಬ್ಯಾಡ."

ನಮ್ಮ ಯಜಮಾನರು ಸೋಮವಾರ ಒಪ್ಪತ್ತು ಇರುವ ಮನುಷ್ಯ. ನನ್ನ ಜೊತೆ ಎಷ್ಟಾದರೂ ವಾದಿಸುತ್ತಾರೆ, ಹರಕೆ ಎಂದ ಮೇಲೆ ಬಾಯಿ ಬಿಡುವವರಲ್ಲ. ಹರಕೆ ಇಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅಷ್ಟು ಹೆಂಗಸರ ಎದುರು ಅದನ್ನು ಹೇಳುವ ಧೈರ್ಯ ಅವರಿಗೆ ಬರಲಿಲ್ಲ. ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವರು ನನ್ನ ಮುಖ ನೋಡಿದರು, ನಾನು ತೊಗರಿ ಹೊಲ ನೋಡಿದೆ. ಟೆಂಪೊ ಮುಂದೆ ಹೋಯಿತು.

"ಯಾವ ದೇವರ ಹರಕಿ?" ಮುದುಕಿ ಕೇಳಿದಳು.

ಆಪಾ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗು ತಡೆದುಕೊಂಡಿದ್ದಳು. "ದೇವರು ಇನ್ನೂ ಗೊತ್ತಿಲ್ಲ ಆಯಿ, ನನ್ನ ಕಾಲು ನನಗ ಕೊಟ್ರ ಸಾಕು" ಎಂದೆ. ಅದೊಂದೇ ಆ ಹೊತ್ತಿನಲ್ಲಿ ನಾನು ಹೇಳಿದ ನಿಜ. "ಕೊಡ್ತಾನ, ನಡಿ" ಎಂದಳು ಮುದುಕಿ.

ಪಾದಯಾತ್ರೆಯವರನ್ನು ಊರ ಹದ್ದಿನ ತನಕ ಕಳಿಸಿ ಬರುವುದು ರೂಢಿ. ಬುಟ್ಟಿ ಮುಚ್ಚಿಟ್ಟು ಹೆಂಗಸರೆಲ್ಲ ಹೊರಟರು. ನನ್ನ ಎರಡೂ ಮಗ್ಗುಲಿಗೆ ಇಬ್ಬರು, ಹಿಂದೆ ಉಳಿದವರು, ಮುಂದೆ ಮುದುಕಿ. ಮೊದಲು ಕಾಲು ಎಳೆದುಕೊಂಡು ನಡೆದೆ. ಅವರು ಮನೆಯ ಸುದ್ದಿ ಕೇಳಿದರು, ನಾನು ಹೇಳಿದೆ. ಗಂಡನನ್ನು ಬೈದೆ, ಅವರು ತಮ್ಮ ಗಂಡಂದಿರನ್ನು ಬೈದರು. ಮಾತಿನ ಭರದಲ್ಲಿ ಮೊಣಕಾಲು ಯಾವಾಗ ಸಡಿಲಾಯಿತೋ ತಿಳಿಯಲಿಲ್ಲ. ಗಡಿಯ ಬೇವಿನ ಮರ ಬರುವಷ್ಟರಲ್ಲಿ ನಾನು ಮೆಲ್ಲಗೆ ಓಡುತ್ತಿದ್ದೆ, ನನ್ನ ಜೊತೆ ಸೀರೆ ಎತ್ತಿ ಹಿಡಿದುಕೊಂಡು ಅಷ್ಟೂ ಹೆಂಗಸರು ಓಡುತ್ತಿದ್ದರು. ಮುದುಕಿ ಮರದ ಹತ್ತಿರ ನಿಂತು, "ತಿರುಗಿ ನೋಡಬ್ಯಾಡ, ಹೋಗು" ಎಂದು ಬೆನ್ನ ಮೇಲೆ ಕೈ ಇಟ್ಟು ನೂಕಿದಳು. ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದೆ.

ಉಳಿದ ಹಾದಿಯನ್ನು ಹೇಗೆ ಓಡಿದೆನೆಂದು ವರ್ಣಿಸಲು ನನಗೆ ಬರುವುದಿಲ್ಲ. ಬಿಸಿಲು ಏರಿತು, ಅಂಗಾಲಿನಲ್ಲಿ ಬೊಬ್ಬೆಗಳು ಎದ್ದವು, ಲಾರಿಯವರು ಹಾರ್ನು ಹೊಡೆದು ಹುರಿದುಂಬಿಸಿದರು. ನೋವು ಇತ್ತು. ಆದರೆ ಅದು ರೋಗದ ನೋವಲ್ಲ, ನಾನೇ ಓಡಿ ಸಂಪಾದಿಸಿದ ನೋವು, ಅದರ ಮೇಲೆ ನನಗೆ ಅಭಿಮಾನವೇ ಬಂದಿತ್ತು. ಕಮಲಾಪುರದ ಕೆಂಪು ಬಾಳೆಹಣ್ಣಿನ ಅಂಗಡಿಗಳು ಕಂಡಾಗ ದೂರದಲ್ಲಿ ಶಾಲೆಯ ಮೈದಾನವೂ ಕಂಡಿತು. ಹುಡುಗರು ಕಮಾನಿನ ಒಂದು ಕಡೆಯ ಹಗ್ಗ ಬಿಚ್ಚುತ್ತಿದ್ದರು.

ಆಪಾ ನನ್ನನ್ನು ಬಿಟ್ಟು ಓಡಿದಳು. ಅಷ್ಟು ಜೋರಾಗಿ ಅವಳು ನಾಯಿಗೂ ಓಡಿರಲಿಲ್ಲ. ಹೋಗಿ ಕಮಾನಿನ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಳು. "ಹನ್ನೆರಡು ಹೊಡದದೇನು? ಇಲ್ಲಲಾ? ಕೈ ತಗೀರಿ. ಅಕ್ಕಾ ಬರಾಕತ್ತಾಳ."

ಹುಡುಗರು ಕೈ ತೆಗೆದರು. ಅವಳು ತಬ್ಬಿ ಹಿಡಿದಿದ್ದ ಕಮಾನಿನ ಕೆಳಗೆ ನಾನು ಹಾಯ್ದೆ. ಆಮೇಲೆ ಅವಳೂ ಕಂಬ ಬಿಟ್ಟು ಹಾಯ್ದಳು. ಹಾಗಾಗಿ ಆ ಓಟದಲ್ಲಿ ಕೊನೆಯವಳು ಅವಳು, ನಾನಲ್ಲ. ಇದನ್ನು ವಾರಕ್ಕೊಮ್ಮೆಯಾದರೂ ಅವಳಿಗೆ ನೆನಪಿಸುತ್ತೇನೆ. ಯಾರೋ ಕೊರಳಿಗೆ ಪದಕ ಹಾಕಿದರು, ಯಾರೋ ಬಾಳೆಹಣ್ಣು ಸುಲಿದು ಕೊಟ್ಟರು. ನನಗೆ ಸಂತೋಷ ತಡೆಯಲಾಗಲಿಲ್ಲ. ಐವತ್ತು ದಾಟಿದ ಹೆಂಗಸು ಮೈದಾನದ ನಡುವೆ ನಿಂತು ಎರಡೂ ಕೈ ಮೇಲೆತ್ತಿ ಕುಣಿದೆ.

ಗಂಡ ಗುಂಪಿನ ಹಿಂದೆ ನಿಂತಿದ್ದರು. ಹತ್ತಿರ ಬಂದು ನನ್ನ ಕಾಲು ನೋಡಿದರು, ಪದಕ ನೋಡಿದರು, ಕೆಮ್ಮಿದರು. ಏನು ಹೇಳಬಹುದೆಂದು ನನಗೆ ಗೊತ್ತಿತ್ತು. ಬಾ, ಮಲಕೋ, ನೋಯಾಕತ್ತದೇನು. ಉತ್ತರವನ್ನು ನಾಲಿಗೆಯ ಮೇಲೆ ಸಿದ್ಧ ಇಟ್ಟುಕೊಂಡಿದ್ದೆ.

"ಭಾಳ ದಿನ ಆತು," ಎಂದರು. "ನಾಳೆ ಬದನಿಕಾಯಿ ಎಣಗಾಯಿ ಪಲ್ಯ, ಬಿಸಿ ರೊಟ್ಟಿ ಮಾಡ್ತಿ ಏನು?"

ಆಪಾಗೆ ಬೆಂಕಿ ಹತ್ತಿತು. "ಭಾಯಿಸಾಬ್, ಆಕೀ ಕಮಲಾಪುರ ತನಕ ಓಡಿ ಬಂದಾಳ. ಇನ್ನೂ ದಮ್ ತಗೊಂಡಿಲ್ಲ. ನಿಮಗ ರೊಟ್ಟಿ ಚಿಂತಿ?"

ನಾನು ಅವಳ ಕೈ ಹಿಡಿದು ಸುಮ್ಮನಾಗಿಸಿದೆ. ನನಗೆ ಅಳು ಬಂದಿತ್ತು, ಅವಳಿಗೆ ಅದು ಬೇರೆ ಅಳುವೆಂದು ಕಂಡಿರಬೇಕು. ಜ್ವರ ಬಂದಾಗಿನಿಂದ ಆ ಮನುಷ್ಯ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಕೇಳಿ, ತಪ್ಪಾಯಿತೇನೋ ಎಂಬಂತೆ ನನ್ನ ಮುಖ ನೋಡುತ್ತ ನಿಂತಿದ್ದರು.

"ಮಾಡ್ತೀನಿ," ಎಂದೆ. "ಜ್ವಾಳ ಗಿರಣಿಗೆ ನೀವು ಒಯ್ರಿ."