ಪ್ರಕರಣ ಮೂರರ ಹೆಂಗಸು

ತೊಂಬತ್ತರ ದಶಕದಲ್ಲಿ ನಾನು ಸಮಾಜಕಾರ್ಯದ ಎಂ.ಎ. ಓದುತ್ತಿದ್ದಾಗ ಕೊನೆಯ ವರ್ಷಕ್ಕೆ ಒಂದು ಪ್ರಬಂಧ ಬರೆದುಕೊಡಬೇಕಿತ್ತು. ಬನಶಂಕರಿ ಕಡೆಯ ಮನೆಗಳಲ್ಲಿ ಪಾತ್ರೆ ತೊಳೆದು ಬಟ್ಟೆ ಒಗೆಯುವ ಹೆಂಗಸರ ಬದುಕು ನನ್ನ ವಿಷಯ. ಜಯನಗರದ ನಮ್ಮ ಮನೆಗೂ ಅಂಥ ಒಬ್ಬರು ದಿನಾ ಬರುತ್ತಿದ್ದರು. ಅವರನ್ನೇ ಒಂದು ಮಾತು ಕೇಳೋಣ ಎಂದು ನನಗೆ ಹೊಳೆಯಲೇ ಇಲ್ಲ. ಬಸ್ಸು ಹತ್ತಿ ಬೆವರಿಳಿಸಿಕೊಂಡು ಹೋದರೆ ಮಾತ್ರ ಅದು ಫೀಲ್ಡ್ ವರ್ಕ್ ಎಂದು ನಾವೆಲ್ಲ ನಂಬಿದ್ದೆವು.

ಹಾಗೆ ಇಟ್ಟಮಡುವಿನ ಒಂದು ವಠಾರದಲ್ಲಿ ಸಿಕ್ಕವರು ಈ ಅಕ್ಕ. ಒಬ್ಬರ ಎರಡನೇ ಹೆಂಡತಿ. ರೇಷನ್ ಕಾರ್ಡಿನಲ್ಲಿದ್ದದ್ದು ಮೊದಲನೆಯವಳ ಹೆಸರು. ಮನೆ ಬಾಡಿಗೆಗೆ ಹಿಡಿದದ್ದು ಗಂಡನ ಹೆಸರಲ್ಲಿ. ಕೆಲಸದ ಮನೆಗಳಲ್ಲಿ ಇವರನ್ನು ಕರೆಯುತ್ತಿದ್ದದ್ದು ‘ಏನಮ್ಮಾ’ ಎಂದು. ಮಧ್ಯಾಹ್ನ ಕೆಲಸ ಮುಗಿಸಿ ಬಂದು, ಬಾಗಿಲಲ್ಲಿ ಕೂತು ಕಾಲು ಚಾಚಿ, ನಾನು ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಹೇಳುತ್ತಿದ್ದರು. ಮೊದಲ ದಿನ ಅವರ ಹೆಸರನ್ನು ಪ್ರಶ್ನಾವಳಿಯ ಮೇಲುಪುಟದಲ್ಲಿ ಬರೆದುಕೊಂಡೆ. ಆಮೇಲೆ ಬಾಯಲ್ಲಿ ಬರೀ ಅಕ್ಕ.

ಒಂದು ದಿನ ಅವರೇ ಕೇಳಿದರು: “ಇದೆಲ್ಲ ಪುಸ್ತಕ ಆಗ್ತದಲ್ವಾ, ಅದ್ರಲ್ಲಿ ನನ್ನ ಹೆಸ್ರು ಬರ್ತದಾ?”

“ಬರತ್ತೆ ಅಕ್ಕ.”

“ಹಂಗಾದ್ರೆ ಸರಿಯಾಗಿ ಬರ್ಕೊ. ಎಲ್ಲೂ ಇಲ್ಲ ನನ್ನ ಹೆಸ್ರು. ಒಂದು ಕಡೆಯಾದ್ರೂ ಇರ್ಲಿ.”

ಬರೆದುಕೊಂಡಿದ್ದ ಹೆಸರನ್ನು ಓದಿ ಹೇಳಿದೆ. ಇನ್ನೊಂದು ಸಲ ಓದಿಸಿದರು. ಅದಾದ ಮೇಲೆ ನಾನು ಹೋದಾಗಲೆಲ್ಲ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದರು, ಫೋಟೋ ತೆಗೆಯುತ್ತಾರೇನೋ ಎಂಬಂತೆ.

ನನಗೆ ಮಾರ್ಗದರ್ಶಕರಾಗಿದ್ದ ಮೇಷ್ಟ್ರು ಕರಡು ನೋಡಿ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಅಕ್ಕ ಕೇಳಿಕೊಂಡಿದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದರು. “ನೋಡಮ್ಮಾ, ಪುಸ್ತಕ ಬರೆದೋರ ಹೆಸರು ಬಿಡಬಾರದು, ಮಾತಾಡಿದೋರ ಹೆಸರು ಹಾಕಬಾರದು. ರಿಸರ್ಚ್‌ನಲ್ಲಿ ಮೊದಲು ಕಲಿಯೋದೇ ಇದು. ಪ್ರಬಂಧ ಕೊಟ್ಟ ಮೇಲೆ ಹೆಸರಿರೋ ಕಾಗದ ಎಲ್ಲ ಸುಟ್ಟುಬಿಡು.”

ಪ್ರಬಂಧದಲ್ಲಿ ಅಕ್ಕ ‘ಪ್ರಕರಣ ಮೂರು’ ಆದರು. ನಾನು ವಾದ ಮಾಡಲಿಲ್ಲ. ಮೌಖಿಕ ಪರೀಕ್ಷೆ ಹತ್ತಿರವಿತ್ತು, ಮೇಷ್ಟ್ರೇ ಅಂಕ ಹಾಕುವವರು. ಆ ನಿಯಮ ತಪ್ಪು ಎಂದು ಇವತ್ತಿಗೂ ನಾನು ಹೇಳಲಾರೆ. ಗಂಡನ ಹೊಡೆತದ ಬಗ್ಗೆ ಹೇಳಿದ್ದ ಇನ್ನೊಬ್ಬಾಕೆಯನ್ನು ಕಾಪಾಡಿದ್ದು ಅದೇ. ಆದರೆ ಕೃತಜ್ಞತೆಯ ಪುಟವೊಂದಿತ್ತಲ್ಲ. ಅಲ್ಲಿ ಪ್ರಾಂಶುಪಾಲರಿದ್ದರು, ಟೈಪ್ ಮಾಡಿದವನಿದ್ದ, ಬೈಂಡಿಂಗ್ ಅಂಗಡಿಯವನೂ ಇದ್ದ. ವಠಾರದವರೊಬ್ಬರು ಎಂದು ಅಕ್ಕನಿಗೊಂದು ಸಾಲು ಕೊಡಬಹುದಾ ಎಂದು ಕೇಳುವುದಕ್ಕೂ ನನಗೆ ಬುದ್ಧಿ ಓಡಲಿಲ್ಲ. ಇನ್ನು ಕೊನೆಯ ಪುಟಗಳ ಗ್ರಂಥಸೂಚಿಯ ಕಥೆಯೇ ಬೇರೆ. ಅದರಲ್ಲಿದ್ದ ಅರ್ಧದಷ್ಟು ಪುಸ್ತಕಗಳ ಮುಖವನ್ನೇ ನಾನು ನೋಡಿರಲಿಲ್ಲ. ಸೀನಿಯರ್‌ಗಳ ಪ್ರಬಂಧಗಳಿಂದ ಇಳಿಸಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಅವರು ಅವರ ಸೀನಿಯರ್‌ಗಳಿಂದ ಇಳಿಸಿಕೊಂಡಿರುತ್ತಿದ್ದರು. ಕಾಣದ ಊರಿನ, ಓದದ ಲೇಖಕರ ಹೆಸರು, ಇಸವಿ, ಪ್ರಕಾಶಕರು ಎಲ್ಲವನ್ನೂ ಅಲ್ಪವಿರಾಮ ತಪ್ಪದಂತೆ ಬರೆದಿದ್ದೆ.

ರಟ್ಟಿನ ಮೇಲೆ ಬಂಗಾರದ ಅಕ್ಷರ ಹೊಡೆಸಿದ ಪ್ರತಿಯನ್ನು ತೋರಿಸಲು ಇಟ್ಟಮಡುವಿಗೆ ಹೋದೆ. ಅಕ್ಕ ಕೈ ಒರೆಸಿಕೊಂಡು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು. ಓದು ಬರುತ್ತಿರಲಿಲ್ಲ.

“ಎಲ್ಲೈತೆ, ತೋರ್ಸು.”

ಸುಳ್ಳು ಹೇಳಬಹುದಿತ್ತು, ಯಾವುದೋ ಪದದ ಮೇಲೆ ಬೆರಳಿಟ್ಟರೆ ಆಗುತ್ತಿತ್ತು. ಹೇಳಲಿಲ್ಲ. ಹೆಸರು ಹಾಕುವಂತಿಲ್ಲ, ನಿಮಗೆ ತೊಂದರೆಯಾಗಬಾರದು ಅಂತ ಹಾಗೆ ಮಾಡ್ತಾರೆ ಎಂದೆ.

“ನಾನೇನು ಕಳ್ಳತನ ಮಾಡಿದ್ನಾ, ಮುಚ್ಚಿಡಕ್ಕೆ?” ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದ ಹಾಗೆ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಕಾಫಿ ಮಾಡಿಕೊಟ್ಟರು. ಆ ವಾರವೇ ಪ್ರಶ್ನಾವಳಿಗಳ ಮೇಲುಪುಟಗಳನ್ನೆಲ್ಲ ಹರಿದು ನಮ್ಮ ಬಚ್ಚಲ ಒಲೆಗೆ ಹಾಕಿದೆ. ಮತ್ತೆ ಆ ಕಡೆ ಹೋಗಲು ಮುಖವಿರಲಿಲ್ಲ.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗುವ ಹೊತ್ತಿಗೆ ನಾನೇ ಸಮಾಜಕಾರ್ಯದ ಮಕ್ಕಳಿಗೆ ಸಂಶೋಧನಾ ವಿಧಾನ ಕಲಿಸುತ್ತಿದ್ದೆ. ಆಕರ ಸೂಚಿಸುವುದು ಹೇಗೆ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: “ಮೇಡಂ, ಅವ್ರೇ ನಮ್ಮ ಹೆಸರು ಹಾಕಿ ಅಂದ್ರೆ ಏನ್ ಮಾಡೋದು?” ಮೊದಲು ಅವರನ್ನು ಕೂರಿಸಿಕೊಂಡು ಆಗಬಹುದಾದ ತೊಂದರೆಯನ್ನೆಲ್ಲ ಹೇಳಬೇಕು, ಆಮೇಲೂ ಬೇಕೆಂದರೆ ಹಾಕಬೇಕು ಎಂದೆ. ಮೇಷ್ಟ್ರಿಗೆ ಅಂದೇ ಹೇಳಬೇಕಾಗಿದ್ದ ಮಾತು. ಅಕ್ಕನ ಕಥೆಯನ್ನೂ ಹೇಳಲು ಶುರುಮಾಡಿ, ಹೆಸರು ಹೇಳಬೇಕಾದ ಕಡೆ ತಡವರಿಸಿ ನಿಂತೆ. ಪುಟ್ಟ ಎಂದು ಶುರುವಾಗುತ್ತಿತ್ತೋ, ಚಿಕ್ಕ ಎಂದೋ. ಆ ಗ್ರಂಥಸೂಚಿಯ ಸಾಲುಗಳು ಮಾತ್ರ ಈಗಲೂ ಬಾಯಿಪಾಠ.

ಮುಂದಿನ ಭಾನುವಾರ ಇಟ್ಟಮಡುವಿಗೆ ಹೋದೆ. ವಠಾರ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಪಕ್ಕದ ಅಂಗಡಿಯಾತನನ್ನು ಕೇಳಿದೆ, ಇಲ್ಲಿ ಹಿಂದೆ ಒಬ್ಬರು ಅಕ್ಕ ಇದ್ದರು, ಮನೆಗೆಲಸಕ್ಕೆ ಹೋಗ್ತಿದ್ರು ಎಂದು. ಆತ ಒಳ್ಳೆಯವನು, ತಕ್ಕಡಿ ಬಿಟ್ಟು ಹೊರಗೆ ಬಂದ.

“ಆ ವಠಾರದೋರು ಸುಮಾರು ಜನ ಇಲ್ಲೇ ಕತ್ರಿಗುಪ್ಪೆ ಕಡೆ ಅವ್ರೆ ಮೇಡಂ. ಕೆಲಸಕ್ಕೆ ಎಲ್ರೂ ಹೋಗ್ತಿದ್ರು. ಹೆಸ್ರು ಹೇಳಿ, ಯಾರನ್ನಾದ್ರೂ ಕೇಳಿ ಹುಡುಕಿಸ್ತೀನಿ.”

ಆತ ಕಾಯುತ್ತಾ ನಿಂತ. ಅಕ್ಕ ನನ್ನಲ್ಲಿ ಕೇಳಿಕೊಂಡದ್ದು ಅದೊಂದನ್ನೇ. ಅದನ್ನು ನಾನು ಬರೆಯಲೂ ಇಲ್ಲ, ನೆನಪಿಟ್ಟುಕೊಳ್ಳಲೂ ಇಲ್ಲ.