ಮುಷ್ಟಿಯೊಳಗಿನ ಹೆಬ್ಬೆರಳು

ಮೊನ್ನೆ ಚಪಾತಿ ಮುಗಿಸಿ ಲಟ್ಟಣಿಗೆಯನ್ನು ಒಲೆಯ ಪಕ್ಕದಲ್ಲೇ ಮರೆತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಕೊರಿಯರ್‌ನವನು ಕೂಗಿದ. ಮಗಳ ಹೆಸರಿಗೆ ಬಂದ ಪಾರ್ಸೆಲ್ ಇಸಿದುಕೊಂಡು, ಸಹಿ ಹಾಕಿ ಒಳಗೆ ಬರುವಷ್ಟರಲ್ಲಿ ಅಡುಗೆಮನೆ ತುಂಬ ಒಂದು ವಾಸನೆ. ಸೀದ ವಾಸನೆಯಲ್ಲ, ಧೂಪದ್ದೂ ಅಲ್ಲ... ಬಿಸಿಯಾದ ಅರಗಿನದು. ಲಟ್ಟಣಿಗೆಯ ಹಿಡಿಯ ಕೆಂಪು ಬಣ್ಣ ಮೆತ್ತಗಾಗಿತ್ತು. ಗಾಬರಿಯಲ್ಲಿ ಎತ್ತಿಕೊಂಡೆ. ನನ್ನ ಹೆಬ್ಬೆರಳಿನ ಗುರುತು ಅದರ ಮೇಲೆ ಹಾಗೇ ಕೂತುಬಿಟ್ಟಿತು.

ಆ ಲಟ್ಟಣಿಗೆ ಮಾಡಿಕೊಟ್ಟವರು ಎದುರು ಸಾಲಿನ ಚಾಚಾ. ಪಾರ್ಸೆಲ್‌ನಲ್ಲಿದ್ದ ಪುಸ್ತಕಕ್ಕಾಗಿ ಕಾದು, ಅದು ಬರುವ ಮೊದಲೇ ಹೊರಟುಹೋದವರೂ ಅವರೇ. ಎರಡೂ ಒಂದೇ ಗಳಿಗೆಯಲ್ಲಿ ಎದುರಾದರೆ ನಾನಾದರೂ ಏನು ಮಾಡಲಿ? ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತೆ.

ರಾಮನಗರದಿಂದ ಮದುವೆಯಾಗಿ ಚನ್ನಪಟ್ಟಣದ ಈ ಬೀದಿಗೆ ಬಂದಾಗ ಮೊದಲು ನನ್ನ ಕಿವಿಗೆ ಬಿದ್ದದ್ದು ಚಾಚಾ ಅವರ ಲೇತ್ ಯಂತ್ರದ ಗುಂಯ್ ಸದ್ದು. ಮರದ ಆಟಿಕೆ ಕಡೆಯುವ ಒಂದು ಕೋಣೆಯ ಅಂಗಡಿ. ಹಾಲೆ ಮರದ ತುಂಡು ಗಿರಗಿರನೆ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿದರೆ ಆ ಬಿಸಿಗೇ ಬಣ್ಣ ಕರಗಿ ಮರವನ್ನು ಅಪ್ಪಿಕೊಳ್ಳುತ್ತಿತ್ತು. ಆಮೇಲೆ ತಾಳೆಗರಿ ಹಿಡಿದು ಉಜ್ಜಿದರೆ ಕನ್ನಡಿಯಂಥ ಹೊಳಪು. ಅವರ ಹುಬ್ಬಿನಲ್ಲಿ ಸದಾ ಮರದ ಪುಡಿ, ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರ. ಅಡುಗೆಮನೆಯ ಕಿಟಕಿಯಿಂದ ದಿನಾ ನೋಡುತ್ತಿದ್ದವಳಿಗೆ ಒಂದು ಸಂಗತಿ ಮಾತ್ರ ಅರ್ಥವಾಗುತ್ತಿರಲಿಲ್ಲ. ಅವರು ಬೆಳಿಗ್ಗೆ ಕೆಲಸ ಶುರುಮಾಡುವ ಮೊದಲು ಮೋಟಾರಿನ ಸ್ವಿಚ್ಚನ್ನು ಮೂರು ಸಲ ಹಾಕಿ, ಮೂರು ಸಲ ಆರಿಸುತ್ತಿದ್ದರು. ಸ್ವಿಚ್ಚಿಗೆ ಕೆಂಪು ಬಣ್ಣ ಬಳಿದಿದ್ದರು. ಯಾರಾದರೂ ಅದರ ಮುಂದೆ ಚೀಲ ನೇತುಹಾಕಿದರೆ, ಎಂದೂ ದನಿ ಏರಿಸದ ಮನುಷ್ಯ ಆಗ ಮಾತ್ರ ಸಿಡುಕುತ್ತಿದ್ದರು.

ಮಗಳು ಆರನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಮಾಂಗಾ ಹುಚ್ಚು ಹಿಡಿಯಿತು. ಜಪಾನಿನ ಚಿತ್ರಕಥೆಯ ಪುಸ್ತಕಗಳು, ಇಂಗ್ಲಿಷಿಗೆ ತಂದವು. ತಾಯಿಯಾದವಳು ಏನಿದೆ ಅಂತ ನೋಡಬೇಡವೇ? ಅವಳು ಸ್ಕೂಲಿಗೆ ಹೋದಾಗ ಮೊದಲ ಪುಸ್ತಕ ತೆಗೆದು, ಕೂತಲ್ಲೇ ಓದಿ ಮುಗಿಸಿದೆ. ಮುಗಿಸಿದ ಮೇಲೆ ಸಿಟ್ಟು ಬಂತು. ಒಬ್ಬ ಹುಡುಗಿ ಕಾಡಿನಲ್ಲಿ ಒಬ್ಬಳೇ ಅಲೆಯುತ್ತಿರುತ್ತಾಳೆ. ಕೊನೆಗೆ ನೋಡಿದರೆ ಬೆಟ್ಟದ ಮೇಲಿನ ಊರಿನಲ್ಲಿ ಗೆಳತಿಯ ಜೊತೆ ನಗುತ್ತಾ ರೊಟ್ಟಿ ತಿನ್ನುತ್ತಾಳೆ. ತಲೆಯೂ ಇಲ್ಲ, ಬಾಲವೂ ಇಲ್ಲ.

ಸೇವಿಗೆ ಒತ್ತುವ ಮರಕ್ಕೆ ಹಿಡಿ ಹಾಕಿಸಲು ಹೋದವಳು ಆ ಪುಸ್ತಕವನ್ನೂ ಚಾಚಾ ಮುಂದೆ ಹಿಡಿದು ದೂರಿದೆ. ಅವರು ಕೈ ಒರೆಸಿಕೊಂಡು ಪುಸ್ತಕ ಇಸಿದುಕೊಂಡರು. ನಾನು ಹಿಂದಿನ ರಟ್ಟು ಅಂದುಕೊಂಡಿದ್ದ ಕಡೆಯಿಂದ ಸಲೀಸಾಗಿ ತೆರೆದರು. ಎರಡು ಪುಟ ತಿರುವಿ ನಕ್ಕರು.

"ಬೇಟಿ, ಇದು ಈ ಕಡೆಯಿಂದ. ನಮ್ಮ ಉರ್ದು ಇದ್ದಂಗೆ. ನೀವು ಬಾಲದಿಂದ ತಲೆಗೆ ಓದ್ಬುಟ್ಟಿದೀರ!"

ನನ್ನ ಕಾನ್ವೆಂಟ್ ಓದೆಲ್ಲ ಆ ಮರದ ಪುಡಿಯಲ್ಲಿ ಬಿದ್ದು ಹೊರಳಿದಂತಾಯಿತು. ಚಿಕ್ಕಂದಿನಲ್ಲಿ ಕಲಿತ ಉರ್ದು ಬಿಟ್ಟರೆ ಬೇರೆ ಓದು ಬಾರದ ಮನುಷ್ಯ, ಒಂದು ಅಕ್ಷರವೂ ಗೊತ್ತಿಲ್ಲದ ಪುಸ್ತಕವನ್ನು ಸರಿಯಾದ ಕಡೆಯಿಂದ ಓದುತ್ತಿದ್ದರು. ಓದುತ್ತಾ ಓದುತ್ತಾ ಅವರ ನಗು ಎಲ್ಲೋ ನಿಂತುಹೋಯಿತು... ಅದನ್ನು ನಾನು ಗಮನಿಸಿದೆ. ಯಾಕೆಂದು ಮಾತ್ರ ಗೊತ್ತಾಗಲಿಲ್ಲ. "ಪುಟ್ಟಿ ಬಂದ್ಮೇಕೆ ಕಳ್ಸಿ ಬೇಟಿ, ಮಾತು ಏನೈತೆ ಅಂತ ಓದಿ ಹೇಳ್ಲಿ," ಅಂದರು.

ಕಥೆ ಇಷ್ಟು. ಕಲ್ಲು ತಿನ್ನುವ ಮೃಗಗಳಿರುವ ಒಂದು ಮಾಯಾಲೋಕ. ಬೆಟ್ಟದ ಮೇಲಿನ ಊರಿಗೆ ಒಂದು ಗಂಟೆಗೋಪುರ. ಮೃಗಗಳು ಬಂದರೆ ಗಂಟೆ ಹೊಡೆಯುವುದು ಆ ಹುಡುಗಿಯ ಕೆಲಸ. ಅವು ಬಂದ ದಿನ ಹಗ್ಗ ಅವಳ ಕೈಯಲ್ಲೇ ಇರುತ್ತದೆ. ಅವಳು ಹಗ್ಗ ಬಿಟ್ಟು ಓಡಿಹೋಗುತ್ತಾಳೆ. ಗೋಪುರದ ಕೆಳಗಿದ್ದ ಗೆಳತಿ ಬದುಕುತ್ತಾಳೆ, ಆದರೆ ಕಾಲು ಹೋಗುತ್ತದೆ. ಉಳಿದದ್ದೆಲ್ಲ ಓಡಿಹೋದವಳ ಅಲೆದಾಟ.

ಅಲ್ಲಿಂದ ನಮ್ಮ ಮಧ್ಯಾಹ್ನಗಳಿಗೆ ಒಂದು ಹೊಸ ಕ್ರಮ ಬಂತು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಮಗಳು ನೇರ ಅಂಗಡಿಗೆ. ಅವಳು ಮಾತು ಓದಿ ಕನ್ನಡದಲ್ಲಿ ಹೇಳುವಳು. ಚಾಚಾ ಚಿತ್ರ ಓದುವರು. ಹುರಿಗಡಲೆಯ ಡಬ್ಬಿ ಹಿಡಿದು ನಾನೂ ಹೋಗಿ ಕೂರತೊಡಗಿದೆ.

ಒಂದು ಶನಿವಾರ, ನಾಲ್ಕನೇ ಪುಸ್ತಕ ನಡೆಯುತ್ತಿದ್ದಾಗ, ಚಾಚಾ ಇದ್ದಕ್ಕಿದ್ದಂತೆ ಹಳೆಯ ಮೂರನ್ನೂ ತರಿಸಿ ಹಲಗೆಯ ಮೇಲೆ ಸಾಲಾಗಿ ತೆರೆದಿಟ್ಟರು.

"ಅವ್ಳ ಹೆಬ್ಬೆಟ್ಟು ನೋಡಿ."

ನೋಡಿದೆವು. ಓಡಿಹೋಗುವ ದಿನ ಅವಳ ಮುಷ್ಟಿಯೊಳಗೆ ಹೆಬ್ಬೆರಳು ಅಡಗಿ ಕೂತಿದೆ, ಎಳೆಗೂಸಿನ ಕೈಯಂತೆ. ಎರಡನೇ ಪುಸ್ತಕದಲ್ಲೂ ಹಾಗೇ. ಮೂರನೆಯದರಲ್ಲಿ, ಹೊಳೆ ದಾಟಲು ಮುದುಕಿಯೊಬ್ಬಳಿಗೆ ಕೈ ಕೊಡುವ ಮೊದಲು, ಬೆರಳ ಸಂದಿಯಲ್ಲಿ ಉಗುರಿನ ತುದಿ ಕಾಣುತ್ತದೆ. ನಾಲ್ಕನೆಯದರಲ್ಲಿ ಅರ್ಧ. ಎಲ್ಲೂ ಒಂದು ಮಾತಿಲ್ಲ, 'ಅವಳಿಗೆ ಧೈರ್ಯ ಬಂತು' ಎನ್ನುವ ಸಾಲಿಲ್ಲ. ನೂರಾರು ಪುಟಗಳ ಉದ್ದಕ್ಕೆ ಒಂದು ಹೆಬ್ಬೆರಳು ಅಕ್ಕಿಕಾಳಿನಷ್ಟೆ, ಅಕ್ಕಿಕಾಳಿನಷ್ಟೆ ಹೊರಗೆ ಬರುತ್ತಿದೆ. ನಾನು ಬರೀ ಮಾತು ಓದಿದ್ದೆ.

"ಅರಗೂ ಇಂಗೇನೇ," ಅಂದರು ಚಾಚಾ. "ಒಂದೇ ಸಲ ಒತ್ತಿದ್ರೆ ಬಣ್ಣ ಗಂಟು ಕಟ್ತೈತೆ. ಒಸಿ ಒಸಿ ಒತ್ತಬೇಕು, ಬಿಡಬೇಕು, ಮರ ತಿರುಗ್ತಾನೇ ಇರಬೇಕು. ಈ ಜಪಾನ್‌ನೋನು ಕಸುಬು ಗೊತ್ತಿರೋನು."

"ಬರೆದಿರೋದು ಹೆಂಗಸು ಚಾಚಾ," ಅಂದಳು ಮಗಳು.

"ಅಂಗಾದ್ರೆ ಕಸುಬು ಗೊತ್ತಿರೋಳು. ಅದುಕ್ಕೇ ಇಷ್ಟು ತಾಳ್ಮೆ!"

ಅದೇ ಕಥೆ ಅನಿಮೆಯಾಗಿ, ಅಂದರೆ ಜಪಾನಿನ ಕಾರ್ಟೂನ್ ಧಾರಾವಾಹಿಯಾಗಿ, ಬಂದಾಗ ಮಗಳು ಟ್ಯಾಬ್ ಹಿಡಿದು ಓಡಿದಳು. ಚಾಚಾಗೆ ಮೊದಲು ನಿರಾಸೆ. "ಕೈಯೇ ತೋರಿಸ್ತಿಲ್ಲವಲ್ಲ, ಬರೀ ಕಣ್ಣೀರು, ಬಾಜಾ!" ಅಂತ ಗೊಣಗುತ್ತಾ ಆಟಿಕೆಯ ಚಕ್ರ ಕಡೆಯುತ್ತಿದ್ದರು. ಮೂರನೇ ಕಂತಿನಲ್ಲಿ ಥಟ್ಟನೆ ಮೋಟಾರು ಆರಿಸಿದರು. "ವಾಪಸ್ ಹಾಕು." ಮತ್ತೆ ಕೇಳಿದೆವು. ಹುಡುಗಿ ಹೆದರುವ ಪ್ರತಿಯೊಂದು ಗಳಿಗೆಯಲ್ಲೂ ಸಂಗೀತದ ಅಡಿಯಲ್ಲಿ, ಎಲ್ಲೋ ದೂರದಲ್ಲಿ, ಹಗ್ಗ ಕಿರುಗುಟ್ಟುವ ಸದ್ದು. ಗಂಟೆಯದಲ್ಲ, ಹಗ್ಗದ್ದು. ಪುಸ್ತಕದವರು ಬೆರಳಿನಲ್ಲಿ ಹೇಳಿದ್ದನ್ನು ಇವರು ಕಿವಿಗೆ ಹೇಳಿದ್ದರು. ಲೇತ್ ನಿಂತ ಆ ಅಂಗಡಿಯಲ್ಲಿ ನಾವು ಮೂವರೂ ಟ್ಯಾಬಿಗೆ ಕಿವಿಗೊಟ್ಟು ಕೂತಿದ್ದೆವು... ಕಥೆ ಹೇಳುವುದು ಇಷ್ಟು ದೊಡ್ಡ ಕೆಲಸವೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಐದನೇ ಪುಸ್ತಕಕ್ಕೆ ಹೆಬ್ಬೆರಳು ಪೂರ್ತಿ ಹೊರಗೆ ಬಂತು. ಹುಡುಗಿ ಊರಿನ ದಾರಿ ಹಿಡಿದಳು. ಆರನೆಯದರ ಕೊನೆಯಲ್ಲಿ ಊರಬಾಗಿಲು ಮುಟ್ಟಿ, ಗೆಳತಿಯ ಮನೆಯ ದೀಪ ನೋಡಿ, ತಿರುಗಿ ಹೊರಟುಹೋದಳು. ಹೆಬ್ಬೆರಳು ಮತ್ತೆ ಮುಷ್ಟಿಯೊಳಗೆ.

ಮಗಳು ಸಿಟ್ಟಿನಿಂದ ಪುಸ್ತಕ ಎಸೆದಳು. "ಹೇಡಿ! ಇಷ್ಟು ದೂರ ನಡೆದು ಬಂದು ಯಾರಾದ್ರೂ ವಾಪಸ್ ಹೋಗ್ತಾರಾ?"

ಚಾಚಾ ಬಗ್ಗಿ ಅದನ್ನೆತ್ತಿ ಪುಡಿ ಕೊಡವಿದರು. "ಓಯ್ತಾರೆ ಪುಟ್ಟಿ. ನಾನು ಕನಕಪುರದವರೆಗೂ ಮೂರು ಸಲ ಹೋಗಿ ವಾಪಸ್ ಬಂದಿದೀನಿ."

ಅಂದು ಹೇಳಿದರು. ಹತ್ತೊಂಬತ್ತು ವರ್ಷದವರಿದ್ದಾಗ ಉಸ್ತಾದರ ಅಂಗಡಿಯಲ್ಲಿ, ಕನಕಪುರದ ಆಚೆಯ ಕೋಡಿಹಳ್ಳಿಯ ಗೆಳೆಯನೊಬ್ಬ ಜೊತೆಗೆ ಕಲಿಯುತ್ತಿದ್ದನಂತೆ. ಒಂದು ದಿನ ಅವನ ಕೈ ಬೆಲ್ಟಿಗೂ ಗಾಲಿಗೂ ನಡುವೆ ಸಿಕ್ಕಿಕೊಂಡಿತು. "ಸ್ವಿಚ್ಚು ನನ್ನ ಪಕ್ಕದಲ್ಲೇ ಇತ್ತು ಬೇಟಿ. ಇಷ್ಟೇ ದೂರ. ನಾನು ಆರಿಸ್ಲಿಲ್ಲ. ಓಡ್ಬುಟ್ಟೆ. ರೈಲ್ವೆ ಹಳಿ ದಾಟೋವರ್ಗೂ ನಿಲ್ಲಲಿಲ್ಲ." ಗೆಳೆಯನ ಎರಡು ಬೆರಳು ಹೋದವು. ಕಸುಬು ಬಿಟ್ಟು ಊರು ಸೇರಿ ಬೇಸಾಯಕ್ಕೆ ನಿಂತ. ಯಾರ ಹತ್ತಿರವೂ ಇವರ ಹೆಸರು ಹೇಳಲಿಲ್ಲ. ಅದೇ ಇವರನ್ನು ಐವತ್ತು ವರ್ಷ ಕೊರೆದದ್ದು.

ನಾನು ಗೋಡೆಯ ಕೆಂಪು ಸ್ವಿಚ್ಚನ್ನು ನೋಡಿದೆ. ಆಮೇಲೆ ನೋಡಲಾಗಲಿಲ್ಲ.

"ಇವ್ಳು ಹೋಗ್ಲಿ, ನೋಡಾಣ," ಅಂದರು ಚಾಚಾ, ಪುಸ್ತಕದ ಹುಡುಗಿಯನ್ನು ತೋರಿಸಿ. "ಏನು ಹೇಳ್ತಾಳೆ, ಎಂಗೆ ನಿಂತ್ಕೋತಾಳೆ ಅಂತ ನೋಡ್ಕೊಂಡು ಆಮ್ಯಾಕೆ ನಾನೂ ಹೋಯ್ತೀನಿ. ಆ ಬಾಗಿಲು ಬಡಿಯೋ ದಿನ ಹೆಬ್ಬೆಟ್ಟು ಆಚೆ ಇರ್ತೈತೆ. ಬೇಕಾರೆ ನೋಡ್ತಿರಿ."

ಏಳನೇ ಪುಸ್ತಕ ಬರಲಿಲ್ಲ. ಬರೆಯುವವರಿಗೆ ಹುಷಾರಿಲ್ಲ, ಕಥೆ ನಿಂತಿದೆ, ಮತ್ತೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ ಅಂತ ಮಗಳು ಫೋನ್ ನೋಡಿ ಹೇಳಿದಳು. ತಿಂಗಳುಗಳು ಕಳೆದವು. ಶನಿವಾರಗಳಲ್ಲಿ ಚಾಚಾ "ಬಂತಾ?" ಅಂತ ಕೇಳುವರು, ಇವಳು ತಲೆಯಾಡಿಸುವಳು. ಹೀಗೇ ವರ್ಷ ತುಂಬಿತು. ಒಂದು ದಿನ ಚಾಚಾ ಕೇಳಲಿಲ್ಲ. ತಾಳೆಗರಿ ಮಡಿಸಿಡುತ್ತಾ ಅಂದರು: "ಅವ್ಳು ಬರೋವರ್ಗೂ ಕಾಯ್ತಾ ಕೂತ್ರೆ ಅವ್ನೂ ಇರಾಕಿಲ್ಲ, ನಾನೂ ಇರಾಕಿಲ್ಲ. ನಾಳೆ ಹೋಯ್ತೀನಿ."

ಮರುದಿನ ಬೆಳಿಗ್ಗೆ ತರಕಾರಿ ಕೊಂಡು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಬಿಳಿ ಜುಬ್ಬ, ಕನ್ನಡಕದ ದಾರ ಹೊಸದು, ಬಗಲಲ್ಲಿ ಆಟಿಕೆಗಳ ಚೀಲ. ಕನಕಪುರಕ್ಕೆ ದಾರಿಯಾದ ರಾಮನಗರದ ಬಸ್ಸು ಬಂತು. ಒಂದು ಕೈಯಲ್ಲಿ ಕಂಬಿ ಹಿಡಿದು ಹತ್ತಿದರು. ಇನ್ನೊಂದು ಕೈಯನ್ನು ನಾನು ನೋಡಿದೆ. ನೋಡಿ, ಯಾರಿಗೂ ಹೇಳದೆ, ಮನೆಗೆ ಬಂದು ಸಾರಿಗೆ ಬೇಳೆ ಇಟ್ಟೆ.

ಸಂಜೆ ಅವರು ವಾಪಸ್ ಬಂದಾಗ ಮಗಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು. "ಏನಂದ್ರು ಚಾಚಾ?"

"'ಏನ್ಲಾ, ಬರಾಕೆ ಐವತ್ತು ವರ್ಸ ಬೇಕಾಯ್ತಾ? ಬಸ್ ಸಿಗ್ನಿಲ್ವೇನ್ಲಾ?' ಅಂದ."

"ಆಮೇಲೆ?"

"ಮಾಫಿ ಮಾಡಪ್ಪಾ ಅಂದೆ. ಅವ್ನು ಎದ್ದು ಹಸುಗೆ ಹುಲ್ಲು ಹಾಕಾಕೆ ಹೋದ. ನಾನೂ ಹೋದೆ. ಇಬ್ರೂ ಹುಲ್ಲು ಹಾಕಿದ್ವಿ. ಮೂರೇ ಬೆರಳು ಪುಟ್ಟಿ... ನನಗಿಂತ ಜಾಸ್ತಿ ಹುಲ್ಲು ಹಿಡೀತಾನೆ." ಅಷ್ಟು ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಎಷ್ಟೋ ಸಲ ಹೋಗಿ ಬಂದರು. ಒಮ್ಮೆಯಂತೂ ಹಲಸಿನಹಣ್ಣು ಹೊತ್ತು ಬಂದು ಬೀದಿಗೆಲ್ಲ ತೊಳೆ ಹಂಚಿದರು. ಅವರು ತೀರಿಕೊಂಡು ಈಗ ಎರಡು ವರ್ಷ. ಎದೆನೋವು ಬಂತು, ಒಂದೇ ದಿನ. ಅಂದು ಬೀದಿಯಲ್ಲಿ ನಿಂತಿದ್ದ ಗಂಡಸರ ನಡುವೆ ಪಂಚೆಯುಟ್ಟ ಹಿರಿಯರೊಬ್ಬರು, ಬಲಗೈಯನ್ನು ಟವೆಲಿನಲ್ಲಿ ಸುತ್ತಿಕೊಂಡು ನಿಂತಿದ್ದರು. ಮಣ್ಣು ಮುಗಿಸಿ ಬಂದು, ಮುಚ್ಚಿದ ಅಂಗಡಿಯ ಜಗಲಿಯಲ್ಲಿ ಕೂತು, ನನ್ನ ಮಗಳನ್ನು ಕರೆದರು. "ಆ ಗಂಟೆ ಹುಡ್ಗಿ ಕತೆ ನೀನೇ ಓದ್ತಿದ್ದಾ ಮಗಾ? ಮುಗೀತಾ ಅದು?" ಇಲ್ಲ ತಾತ ಅಂದಳು. "ಮುಗುದ್ರೆ ನಂಗೂ ಒಂದ್ ಮಾತು ಹೇಳು."

ಈಗ ಮುಗಿದಿದೆ. ಬರೆಯುವವರು ಚೇತರಿಸಿಕೊಂಡು ಏಳನೆಯದನ್ನು, ಕೊನೆಯದನ್ನು, ಬರೆದುಬಿಟ್ಟಿದ್ದಾರೆ. ಮೊನ್ನೆ ಕಾಲೇಜಿನಿಂದ ಬಂದ ಮಗಳು ಪಾರ್ಸೆಲ್ ಬಿಚ್ಚಿ, ಊಟ ಬಿಟ್ಟು ಓದಿದಳು. ಆಮೇಲೆ ಅಡುಗೆಮನೆಗೆ ಬಂದು ಕೊನೆಯ ಎರಡು ಪುಟಗಳನ್ನು ನನ್ನ ಮುಂದೆ ಹಿಡಿದಳು. ಪುಟದಲ್ಲಿ ಮಾತಿಲ್ಲ, ಮುಖವೂ ಇಲ್ಲ. ಒಂದು ಮರದ ಬಾಗಿಲು, ಅದನ್ನು ಬಡಿಯುತ್ತಿರುವ ಒಂದು ಕೈ. ಒಳಗೆ ಯಾರು, ಏನಂದರು, ಒಂದೂ ತೋರಿಸದೆ ಕಥೆ ಅಲ್ಲಿಗೇ ನಿಂತಿದೆ.

"ಅಮ್ಮಾ, ಹೆಬ್ಬೆರಳು ನೋಡು. ಒಳಗೇ ಇದೆ! ಆಚೆ ಇರುತ್ತೆ ಅಂತ ಚಾಚಾ ಹೇಳಿದ್ರಲ್ಲ. ಚಾಚಾ ಹೇಳಿದ್ದು ತಪ್ಪಾಯ್ತಾ?"

ಆಗ ಮೊದಲ ಸಲ ಅವಳಿಗೆ ಆ ಬಸ್‌ಸ್ಟ್ಯಾಂಡಿನ ಬೆಳಿಗ್ಗೆಯನ್ನು ಹೇಳಿದೆ. ಕಂಬಿ ಹಿಡಿಯದ ಕೈಯಲ್ಲಿ ಚಾಚಾ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದಿದ್ದರು, ಎಳೆಗೂಸಿನಂತೆ. ಹಾಗೇ ಬಸ್ಸು ಹತ್ತಿದರು.

ಮಗಳು ಆ ಪುಟವನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ಎಲ್ಲಿಯ ಜಪಾನು, ಎಲ್ಲಿಯ ಚನ್ನಪಟ್ಟಣ... ಪುಸ್ತಕ ಬರೆದ ಆ ಹೆಂಗಸಿಗೆ ಈ ಕೈ ಹೇಗೆ ಗೊತ್ತಾಯಿತು ಅಂತ ನನಗನ್ನಿಸಿತು.

ಎದುರಿನ ಅಂಗಡಿಯಲ್ಲಿ ಈಗ ನೀರಿನ ಕ್ಯಾನುಗಳನ್ನು ಪೇರಿಸಿಡುತ್ತಾರೆ. ಗೋಡೆಯ ಮೇಲೆ ಕೆಂಪು ಸ್ವಿಚ್ಚು ಇನ್ನೂ ಇದೆ. ಬೆಳಿಗ್ಗೆ ಮೂರು ಸಲ ಅದನ್ನು ಮುಟ್ಟುವ ಕೈ ಇಲ್ಲ. ನನ್ನ ಲಟ್ಟಣಿಗೆಯ ಹಿಡಿ ಆರಿ ಗಟ್ಟಿಯಾಗಿದೆ, ಗುರುತು ಹೋಗಿಲ್ಲ.

ಭಾನುವಾರ ಪುಸ್ತಕ ತೆಗೆದುಕೊಂಡು ಕೋಡಿಹಳ್ಳಿಗೆ ಹೋಗುತ್ತಿದ್ದೇವೆ. ಆ ಹಿರಿಯರು ಅದನ್ನು ನನ್ನ ಹಾಗೇ ಎಡಗಡೆಯಿಂದ ತೆರೆಯುತ್ತಾರೆ, ಗೊತ್ತು. ಹಾಗೆ ತೆರೆದರೆ ಮೊದಲು ಕಾಣುವುದು ಆ ಬಾಗಿಲು, ಆ ಕೈ. ಈ ಕಡೆಯಿಂದಲ್ಲ ಅಂತ ಹೇಳಲು ಚಾಚಾ ಇಲ್ಲ. ನಾನೂ ಹೇಳುವುದಿಲ್ಲ. ಆ ಬಾಗಿಲಿನ ಒಳಗಡೆ ಐವತ್ತು ವರ್ಷ ಕೂತಿದ್ದವರು ಅವರೇ ಅಲ್ಲವೇ...