ಹದಿನೇಳನೇ ನಂಬರಿನ ಪ್ರಾಪ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 2003ರ ಮಳೆಗಾಲದಲ್ಲಿ ನಮ್ಮ ರಗ್ಬಿ ತಂಡದ ಇಪ್ಪತ್ತೆರಡು ಜನರ ನೌಕರಿಗೆ ಕುತ್ತು ತಂದವರು ಎದುರಾಳಿಗಳಲ್ಲ, ರೆಫರಿಯೂ ಅಲ್ಲ. ಅದು ನನ್ನ ಕೆಲಸ. ಅದನ್ನೂ ಮೈದಾನಕ್ಕಿಳಿದು ಮಾಡಲಿಲ್ಲ, ಕಚೇರಿಯ ಕುರ್ಚಿಯಲ್ಲಿ ಕುಳಿತು, ಇನ್ನೊಬ್ಬರ ದನಿಯಲ್ಲಿ ಮಾತಾಡಿ ಮಾಡಿದೆ. ಇಂಥ ಅನುಭವಗಳನ್ನು ಸಾಮಾನ್ಯವಾಗಿ ನಿವೃತ್ತರಾದ ಹಿರಿಯರು ಬರೆಯುತ್ತಾರೆ. ನನಗಿನ್ನೂ ಮೂವತ್ತು ತುಂಬಿಲ್ಲ. ಆದರೆ ನನ್ನ ತಪ್ಪುಗಳು ನಿವೃತ್ತಿಯವರೆಗೆ ಕಾಯುವ ಜಾತಿಯವಲ್ಲ.

ಆಗ ನಾನು ನಾಗಪುರದ ಪಕ್ಕದ ಕಳಮೇಶ್ವರದಲ್ಲಿ, ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯ ರಗ್ಬಿ ತಂಡಕ್ಕೆ ಫಿಸಿಯೋ ಆಗಿದ್ದೆ. ಫಿಸಿಯೋಥೆರಪಿ ಓದು ಮುಗಿದು ಒಂದು ವರ್ಷವಾಗಿತ್ತು. ಕಾರ್ಖಾನೆಯವರು ಜಾಣರು, ಅದೇ ಸಂಬಳದಲ್ಲಿ ಮ್ಯಾನೇಜರ್ ಕೆಲಸವನ್ನೂ ನನ್ನ ಕೊರಳಿಗೆ ಕಟ್ಟಿದ್ದರು. ಹೆಸರು ಪ್ರಹ್ಲಾದ. ಅಪ್ಪ ಗದಗಿನವರು, ಬ್ಯಾಂಕಿನ ವರ್ಗಾವಣೆಯಲ್ಲಿ ನಾಗಪುರಕ್ಕೆ ಬಂದು ಇಲ್ಲಿಯೇ ಉಳಿದವರು. ತಂಡದಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದುದು ಪಲ್ಲ್ಯಾ ಎಂದು. ನನ್ನ ತೂಕ ಐವತ್ತೆಂಟು ಕಿಲೋ, ಅದರಲ್ಲಿ ಅರ್ಧ ನಾಲಿಗೆಯದೇ ಎಂದು ಆಡಿಕೊಳ್ಳುತ್ತಿದ್ದರು. ಸುಳ್ಳಲ್ಲ. ಯಾರ ದನಿಯನ್ನಾದರೂ ಎರಡು ದಿನ ಕೇಳಿದರೆ ಸಾಕು, ಮೂರನೆಯ ದಿನ ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂರುತ್ತಿತ್ತು. ಜನರಲ್ ಮ್ಯಾನೇಜರರ ಕೆಮ್ಮು, ಕ್ಯಾಂಟೀನಿನ ಯಜಮಾನನ ಗೊಣಗಾಟ, ನನ್ನ ಅಪ್ಪನ ಆಕಳಿಕೆ, ಎಲ್ಲವೂ ಇದ್ದವು.

ಆದರೆ ಊಟದ ಬಿಡುವಿನಲ್ಲಿ ಎಲ್ಲರೂ ಕೇಳಿ ಮಾಡಿಸುತ್ತಿದ್ದುದು ನಮ್ಮ ಕೋಚ್ ಸುಬೇದಾರ್ ಮಾದಪ್ಪನವರ ದನಿಯನ್ನು. ಅವರು ಕೊಡಗಿನವರು. ಸೈನ್ಯದಲ್ಲಿ ರಗ್ಬಿ ಕಲಿತು, ನಾಗಪುರದಾಚೆಯ ದಂಡಿನ ಊರು ಕಾಮಠಿಯಲ್ಲಿ ನಿವೃತ್ತರಾಗಿ, ಈ ತಂಡವನ್ನು ಶೂನ್ಯದಿಂದ ಕಟ್ಟಿದವರು. ಮಾತು ನಿಧಾನ. ಒಂದು ವಾಕ್ಯದ ಮಧ್ಯೆ ನೀವು ಒಂದು ಕಪ್ ಚಹಾ ಕುಡಿದು ಬರಬಹುದಿತ್ತು.

ರಗ್ಬಿ ಗೊತ್ತಿಲ್ಲದವರಿಗೆ ಎರಡು ಮಾತು. ತಂಡಕ್ಕೆ ಹದಿನೈದು ಜನ. ಚೆಂಡನ್ನು ಹಿಡಿದು ಓಡಬಹುದು, ಆದರೆ ಮುಂದಕ್ಕೆ ಎಸೆಯುವಂತಿಲ್ಲ. ಸಣ್ಣ ತಪ್ಪಾದಾಗ ಆಟ ಸ್ಕ್ರಮ್‌ನಿಂದ ಮತ್ತೆ ಶುರುವಾಗುತ್ತದೆ. ಎರಡೂ ಕಡೆಯ ಎಂಟೆಂಟು ಜನ ಬಗ್ಗಿ, ಒಬ್ಬರನ್ನೊಬ್ಬರು ಅಪ್ಪಿ ಹಿಡಿದು, ಎದುರು ಬದುರು ತಳ್ಳುವುದೇ ಸ್ಕ್ರಮ್. ಮುಂದಿನ ಸಾಲಿನಲ್ಲಿ ಮೂವರು. ನಡುವಿನವನು ಹುಕ್ಕರ್, ಅಕ್ಕಪಕ್ಕದವರು ಪ್ರಾಪ್. ಹಿಂದಿನ ಐವರ ಒತ್ತಡ, ಎದುರಿನ ಎಂಟು ಜನರ ಒತ್ತಡ, ಎಲ್ಲವೂ ಬಂದು ಸೇರುವುದು ಈ ಮೂವರ ಕುತ್ತಿಗೆ ಬೆನ್ನುಗಳ ಮೇಲೆ. ಆದ್ದರಿಂದ ತರಬೇತಿ ಇಲ್ಲದವರನ್ನು ಆ ಸಾಲಿಗೆ ಬಿಡುವಂತಿಲ್ಲ. ತಪ್ಪಿ ಬಿಟ್ಟರೆ ಕತ್ತಿನ ಮೂಳೆಯೇ ಮುರಿಯಬಹುದು. ಇದು ಕಾಲೇಜಿನಲ್ಲಿ ನನಗೆ ಪರೀಕ್ಷೆಗೆ ಬಂದಿದ್ದ ಪ್ರಶ್ನೆ, ಒಳ್ಳೆಯ ಅಂಕವೂ ಬಂದಿತ್ತು.

ನಮ್ಮ ತಂಡಕ್ಕೆ ಸ್ಕ್ರಮ್ ಬಿಟ್ಟು ಬೇರೆ ವಿದ್ಯೆ ಇರಲಿಲ್ಲ. ಮಾದಪ್ಪನವರು ಓಟಗಾರರನ್ನು ಹುಡುಕುತ್ತ ಕೂರದೆ ಗರಡಿಗಳಿಗೆ ಹೋಗಿ ಪೈಲ್ವಾನರನ್ನು ಕರೆತಂದಿದ್ದರು. ನಾಯಕ ಶಿವಲಿಂಗಣ್ಣ ಬೆಳಗಾವಿ ಕಡೆಯ ಕುಸ್ತಿಪಟು. ಮೂವತ್ತನಾಲ್ಕು ವರ್ಷ, ನೂರ ನಾಲ್ಕು ಕಿಲೋ, ಬಲಗಡೆಯ ಪ್ರಾಪ್. ಪ್ರತಿ ಸ್ಕ್ರಮ್‌ಗೂ ಮುಂಚೆ ಅವನೂ ಅವನ ಹಿಂದಿನವರೂ ಬಗ್ಗಿ ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿಕೊಳ್ಳುತ್ತಿದ್ದರು, ಅಖಾಡದ ರೂಢಿ. ಪುಣೆ, ಮುಂಬೈಯ ತಂಡಗಳವರು ಮೊದಲು ನಕ್ಕರು. ನಮ್ಮ ಜೊತೆ ಒಂದು ಸ್ಕ್ರಮ್ ಆಡಿದ ಮೇಲೆ ನಗುವುದನ್ನು ಬಿಟ್ಟರು.

ಎಲ್ಲರೂ ಆಡುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದವರು. ನೇಮಕದ ಪತ್ರದಲ್ಲಿ ಒಂದು ಸಾಲಿತ್ತು: ತಂಡ ಮೊದಲ ದರ್ಜೆಯ ಲೀಗ್‌ನಲ್ಲಿ ಇರುವವರೆಗೆ ಮಾತ್ರ ಈ ನೌಕರಿ. ಎಂಟು ತಂಡ, ಏಳು ಪಂದ್ಯ, ಕೊನೆಯ ಸ್ಥಾನದವರು ಕೆಳಗಿನ ದರ್ಜೆಗೆ. ಆರು ಪಂದ್ಯ ಮುಗಿದಾಗ ನಾವು ಗೆದ್ದದ್ದು ಒಂದು, ನಿಂತದ್ದು ಕೊನೆಯಲ್ಲಿ. ಏಳನೆಯದು ಮುಂಬೈಯ ಒಂದು ತಂಡದ ವಿರುದ್ಧ, ಕಾಮಠಿಯ ಮೈದಾನದಲ್ಲಿ. ಗೆದ್ದರೆ ಉಳಿಯುತ್ತೇವೆ. ಸೋತರೆ ಇಪ್ಪತ್ತೆರಡು ಮನೆಗಳು ಕ್ವಾರ್ಟರ್ಸ್ ಖಾಲಿ ಮಾಡಬೇಕು. ಶಿವಲಿಂಗಣ್ಣನ ಮಗಳು ಆ ವರ್ಷವಷ್ಟೇ ಕಳಮೇಶ್ವರದ ಶಾಲೆಗೆ ಸೇರಿದ್ದಳು.

ಪಂದ್ಯ ಭಾನುವಾರ. ಶುಕ್ರವಾರ ನಮ್ಮ ಇಬ್ಬರು ಮೀಸಲು ಪ್ರಾಪ್‌ಗಳಲ್ಲಿ ಒಬ್ಬನಿಗೆ ಕಾಮಾಲೆ ಎಂದು ಗೊತ್ತಾಯಿತು. ನಿಯಮ ಹೀಗಿತ್ತು: ಬದಲಿ ಆಟಗಾರರು ಏಳು ಜನ ಬೇಕಾದರೆ ಅವರಲ್ಲಿ ಇಬ್ಬರು ಮುಂದಿನ ಸಾಲಿನ ತರಬೇತಿ ಪಡೆದವರಿರಬೇಕು. ಒಬ್ಬನೇ ಇದ್ದರೆ ಬದಲಿಗಳು ಮೂವರು ಮಾತ್ರ. ಮಾದಪ್ಪನವರು ಮೈದಾನ ನೋಡಲು ಕಾಮಠಿಗೆ ಹೋಗಿದ್ದರು. "ನಿಯಮ ನೋಡ್ಕೊಂಡು... ಪಟ್ಟಿ ಕಳಿಸಿಬಿಡು," ಎಂದಷ್ಟೇ ಹೇಳಿ ಹೋಗಿದ್ದರು.

ನಾನು ನಿಯಮ ನೋಡಿದೆ. ನೋಡಿ, ಹದಿನೇಳನೇ ನಂಬರಿಗೆ ಪ್ರಾಪ್ ಎಂದು ನನ್ನ ಹೆಸರನ್ನೇ ಬರೆದೆ. ಋತುವಿನ ಆರಂಭದಲ್ಲಿ ಶಿಬಿರದಲ್ಲಿದ್ದ ಎಲ್ಲರ ಹೆಸರೂ ನೋಂದಣಿಯಾಗಿತ್ತು, ನನ್ನದೂ. ತೂಕದ ಜಾಗದಲ್ಲಿ ಐವತ್ತೆಂಟನ್ನು ತಿರುಗಿಸಿ ಎಂಬತ್ತೈದು ಮಾಡಿದೆ. ಆಡುವ ಪ್ರಸಂಗ ಎಲ್ಲಿ ಬರುತ್ತದೆ? ಏಳು ಬದಲಿಗಳು ಕೈಯಲ್ಲಿರಲಿ, ಅಷ್ಟೇ.

ಅರ್ಧ ಗಂಟೆಯಲ್ಲಿ ಲೀಗ್ ಕಚೇರಿಯಿಂದ ಫೋನ್ ಬಂತು. ಈ ಹೊಸ ಪ್ರಾಪ್‌ಗೆ ತರಬೇತಿ ಆಗಿದೆ ಎಂದು ಕೋಚ್ ಸ್ವತಃ ಹೇಳಬೇಕಂತೆ. "ಒಂದು ನಿಮಿಷ, ಕರೀತೀನಿ," ಎಂದೆ. ರಿಸೀವರಿಗೆ ಕೈ ಅಡ್ಡ ಹಿಡಿದೆ. ಬಾಗಿಲನ್ನು ಕಾಲಿನಿಂದ ಒಮ್ಮೆ ತಳ್ಳಿ ಸದ್ದು ಮಾಡಿದೆ. ಹತ್ತು ಎಣಿಸಿ, ಮಾದಪ್ಪನವರ ಹಿಂದಿಯಲ್ಲಿ, ಅವರದೇ ನಿಲುಗಡೆಗಳೊಂದಿಗೆ ಹೇಳಿದೆ: "ಹುಡುಗ ತೆಳ್ಳಗಿದ್ದಾನೆ... ಆದರೆ... ಕಬ್ಬಿಣ." ಆ ಕಡೆಯವರು "ಜೀ, ಸುಬೇದಾರ್ ಸಾಬ್" ಎಂದು ಫೋನ್ ಇಟ್ಟರು. ನನ್ನ ಕಲೆಗೆ ಅಷ್ಟು ಗೌರವ ಹಿಂದೆಂದೂ ಸಿಕ್ಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಮಾದಪ್ಪನವರು ಕೇಳಿದರು: "ಎರಡನೇ ಪ್ರಾಪ್... ಯಾರು?"

"ವ್ಯವಸ್ಥೆ ಆಗಿದೆ ಸಾಬ್," ಎಂದೆ. ಅವರು ನಂಬಿದರು. ನಂಬಿದ್ದು ಇವತ್ತಿಗೂ ಚುಚ್ಚುತ್ತದೆ.

ಹಿಂದಿನ ರಾತ್ರಿಯ ಮಳೆಗೆ ಕರಿಮಣ್ಣು ಹಿಟ್ಟಾಗಿತ್ತು, ಒಂದೊಂದು ಬೂಟಿಗೂ ಕಿಲೋಗಟ್ಟಲೆ ಅಂಟುತ್ತಿತ್ತು. ಅಂಥ ನೆಲ ನಮ್ಮ ಪೈಲ್ವಾನರಿಗೆ ತವರುಮನೆ. ಎದುರಿನ ಸಾಲಿನಲ್ಲಿ ಫ್ರಾನ್ಸಿಸ್ ಎಂಬ ಪ್ರಾಪ್ ಇದ್ದ, ನೂರ ಹನ್ನೆರಡು ಕಿಲೋ. ಅವನನ್ನೂ ಸೇರಿಸಿ ಎಂಟೂ ಜನರನ್ನು ನಮ್ಮವರು ಬಂಡಿ ತಳ್ಳಿದಂತೆ ಹಿಂದಕ್ಕೆ ತಳ್ಳಿದರು. ಎಂಬತ್ತು ನಿಮಿಷಗಳ ಆಟದಲ್ಲಿ ಅರವತ್ತೈದು ಮುಗಿದಾಗ ನಾವು 17, ಅವರು 12. ಆ ವೇಳೆಗೆ ನಮ್ಮ ಎಡಗಡೆಯ ಪ್ರಾಪ್ ಮಂಡಿ ತಿರುಚಿಕೊಂಡು ಹೊರಬಂದು, ಇದ್ದೊಬ್ಬ ಮೀಸಲು ಪ್ರಾಪ್ ತುಕಾರಾಮ್ ಒಳಗೆ ಹೋಗಿದ್ದ. ಆಗ ತುಕಾರಾಮನ ಭುಜ ಕೀಲು ತಪ್ಪಿತು.

ನಾನು ಪೆಟ್ಟಿಗೆ ಹಿಡಿದು ಓಡಿದೆ. ಅವನ ತೋಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದಾಗ ರೆಫರಿ ತಲೆಯ ಮೇಲಿಂದ ಕೂಗಿದರು: "ಹದಿನೇಳನೇ ನಂಬರ್ ಎಲ್ಲಿ? ಬೇಗ ಕಳಿಸಿ."

ನಾನು ಎದ್ದು ನಿಂತೆ. "ಬಂದಿದ್ದೀನಿ ಸರ್," ಎಂದೆ. ರೆಫರಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅಷ್ಟು ನೋಡಲು ಬಹಳ ಹೊತ್ತೇನೂ ಬೇಕಾಗಲಿಲ್ಲ.

ಬಾಲಿಶ ಅನ್ನಿಸಬಹುದು, ಆದರೆ ಆ ಕ್ಷಣದಲ್ಲಿ ನಾನು ನಿಜವಾಗಿಯೂ ಜಾಕೆಟ್ ಬಿಚ್ಚತೊಡಗಿದ್ದೆ. ಮುಂದಿನ ಸಾಲಿಗೆ ಮೂರನೆಯವನಿಲ್ಲದಿದ್ದರೆ ತಳ್ಳದ ಸ್ಕ್ರಮ್ ಆಡಿಸುತ್ತಾರೆ, ಎಲ್ಲರೂ ಬಗ್ಗಿ ನಿಲ್ಲುತ್ತಾರೆ, ಯಾರೂ ತಳ್ಳುವಂತಿಲ್ಲ. ಅಂದರೆ ನಮ್ಮವರ ಒಂದೇ ಆಯುಧವನ್ನು ನಾನೇ ಕಿತ್ತುಕೊಂಡಂತೆ. ಒಂದೆರಡು ಸ್ಕ್ರಮ್ ಹೇಗಾದರೂ ತಡೆದುಕೊಂಡರೆ ಆಗದೇ?

ಶಿವಲಿಂಗಣ್ಣ ಬಂದು ನನ್ನ ಕತ್ತನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಲೇ ಪಲ್ಲ್ಯಾ, ಇದೇನ್ ಕುತಗಿನೋ ನುಗ್ಗಿಕಾಯೋ? ಜಾಕೆಟ್ ಹಾಕ್ಕೋ."

"ಅಣ್ಣಾ, ನೌಕರಿ ಹೋಗ್ತಾವು."

"ಹೋದ್ರ ಹಮಾಲಿ ಮಾಡ್ತೀನಿ. ನಿನ್ನ ಹೊತ್ಕೊಂಡು ನಿಮ್ಮಪ್ಪನ ಮುಂದ ಹೋಗಿ ನಿಲ್ಲೂದು ನನ್ನಿಂದ ಆಗೂದಿಲ್ಲ. ಖರೇ ಏನೈತಿ ಹೇಳಿಬಿಡು."

ಹೇಳಿದೆ. ಯಾರ ದನಿಯಲ್ಲೂ ಅಲ್ಲ, ನನ್ನದರಲ್ಲೇ: "ಸರ್, ನಾನು ಆ ಸಾಲಿನಲ್ಲಿ ಒಮ್ಮೆಯೂ ನಿಂತವನಲ್ಲ. ಪಟ್ಟಿಯಲ್ಲಿ ಬರೆದದ್ದು ಸುಳ್ಳು. ಬರೆದವನೂ ನಾನೇ." ಗೆರೆಯಾಚೆ ನಿಂತಿದ್ದ ಮಾದಪ್ಪನವರು ನನ್ನತ್ತ ತಿರುಗಿ ನೋಡಿದರು. ಅವರ ಆ ನೋಟವನ್ನು ಮಾತ್ರ ನಾನು ಇದುವರೆಗೆ ಅನುಕರಿಸಲು ಹೋಗಿಲ್ಲ.

ರೆಫರಿ ತಳ್ಳದ ಸ್ಕ್ರಮ್ ಎಂದು ಸಾರಿದರು. ತುಕಾರಾಮನ ಬದಲಿಗೆ ಓಟದ ಹುಡುಗನೊಬ್ಬ ಇಳಿದ. ಉಳಿದ ಹದಿನೈದು ನಿಮಿಷ ನಾನು ನೋಡಿದ ಆಟವನ್ನು ಹೇಗೆ ಹೇಳಲಿ! ತಳ್ಳುವುದೊಂದನ್ನೇ ಬಲ್ಲ ಜನ, ತಳ್ಳುವಂತಿಲ್ಲ ಎಂದಾಗ, ಓಡಿ ಬರುವವರನ್ನು ತಡೆದು ಕೆಡವುವುದಕ್ಕೆ ನಿಂತರು. ಬಿದ್ದರು, ಎದ್ದರು, ಕೆಸರು ಉಗುಳಿ ಮತ್ತೆ ನಿಂತರು. ಮುಂಬೈಯವರು ಒಂದು ಪೆನಾಲ್ಟಿ ಒದ್ದು 15 ಮಾಡಿಕೊಂಡರು. ಕೊನೆಯ ನಿಮಿಷದಲ್ಲಿ ಫ್ರಾನ್ಸಿಸ್ ಚೆಂಡು ಹಿಡಿದು ನಮ್ಮ ಗೆರೆಯನ್ನು ದಾಟಿಯೇ ಬಿಟ್ಟ. ಆದರೆ ಚೆಂಡು ನೆಲಕ್ಕೆ ತಾಗಿದರೆ ಮಾತ್ರ ಅಂಕ. ಶಿವಲಿಂಗಣ್ಣ ಅವನ ಅಡಿಗೆ ತನ್ನ ಎದೆಯನ್ನೇ ಹಾಸಿ ಮಲಗಿದ್ದ. ಚೆಂಡು ಅವನ ಮೇಲೆ, ಚೆಂಡಿನ ಮೇಲೆ ನೂರ ಹನ್ನೆರಡು ಕಿಲೋ, ಅದರ ಮೇಲೆ ಮತ್ತೂ ನಾಲ್ಕು ಜನ. ಚೆಂಡು ನೆಲ ಕಾಣಲಿಲ್ಲ. ರೆಫರಿ ಸೀಟಿ ಊದಿದರು. 17–15.

ಕುಣಿದದ್ದು ಒಂದೇ ಸಂಜೆ. ಮರುದಿನ ಮುಂಬೈ ತಂಡದ ಮ್ಯಾನೇಜರರು ದೂರು ಕೊಟ್ಟರು. ಪ್ರಾಪ್‌ಗಳು ಗಾಯಗೊಂಡು ಇನ್ನು ಸ್ಕ್ರಮ್ ಸೋಲುತ್ತೇವೆ ಎನ್ನುವ ಹೊತ್ತಿಗೆ ಕಳಮೇಶ್ವರದವರು ನಾಟಕವಾಡಿ ಸ್ಕ್ರಮ್ಮನ್ನೇ ನಿಲ್ಲಿಸಿದರು, ಪಟ್ಟಿಯಲ್ಲಿ ಹೆಸರಿದ್ದವನು ಇಳಿಯಲೇಬೇಕಿತ್ತು, ಆದ್ದರಿಂದ ಗೆಲುವನ್ನು ರದ್ದು ಮಾಡಬೇಕು ಎಂಬುದು ಅವರ ವಾದ. ನಾಗಪುರದಲ್ಲಿ ಲೀಗಿನ ಮೂವರು ಸದಸ್ಯರ ಮುಂದೆ ವಿಚಾರಣೆ ನಡೆಯಿತು. ಇಪ್ಪತ್ತೆರಡು ನೌಕರಿಗಳು ಮತ್ತೆ ನನ್ನ ಸಹಿಯ ಕೆಳಗೆ ಬಂದು ಕೂತವು.

ಅಧ್ಯಕ್ಷರು ಮಾದಪ್ಪನವರನ್ನು ಕೇಳಿದರು, ಫೋನಿನಲ್ಲಿ ಮಾತಾಡಿದ್ದು ನೀವೇ ಏನು ಎಂದು. ಹೌದು ಎಂದಿದ್ದರೆ ನಾನು ಉಳಿಯುತ್ತಿದ್ದೆ. ಅವರು ಯಥಾಪ್ರಕಾರ ನಿಧಾನವಾಗಿ, "ದನಿ ನನ್ನದು... ಬಾಯಿ ಈ ಕತ್ತೆಯದು," ಎಂದರು. ನಂತರ, ನಾನು ನಿರೀಕ್ಷಿಸದೆ ಇದ್ದಾಗ, "ಆದರೆ ಮೈದಾನದಲ್ಲಿ ನಿಜ ಹೇಳಿದ್ದೂ... ಇದೇ ಬಾಯಿ," ಎಂದು ಸೇರಿಸಿದರು. ನಾವು ಪಂದ್ಯದಲ್ಲಿ ಇಳಿಸಿದ ಬದಲಿಗಳು ಒಟ್ಟು ಇಬ್ಬರೇ, ಸರಿಯಾದ ಪಟ್ಟಿ ಕೊಟ್ಟಿದ್ದರೂ ಮೂವರು ಸಿಗುತ್ತಿದ್ದರು, ಎಂಬುದನ್ನೂ ತೋರಿಸಿದರು.

ತೀರ್ಪನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗೆಲುವು ಉಳಿಯಿತು, ತಂಡ ಉಳಿಯಿತು. ಎರಡು ಋತು ನಾನು ಯಾವ ಪಟ್ಟಿಗೂ ಸಹಿ ಹಾಕುವಂತಿರಲಿಲ್ಲ. ಆ ಎರಡು ವರ್ಷ ಬರೀ ಫಿಸಿಯೋ ಆಗಿ ಅವರ ಬೆನ್ನು ತಿಕ್ಕಿದೆ, ತಿಕ್ಕಿದ್ದಕ್ಕೆ ಹೆಮ್ಮೆಯಿದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಯಾರ ದನಿಯನ್ನಾದರೂ ತೆಗೆಯಬಹುದು, ಆದರೆ ಇನ್ನೊಬ್ಬರು ಹೊರುವ ಭಾರವನ್ನು ಹೊತ್ತಂತೆ ನಟಿಸಲು ಬರುವುದಿಲ್ಲ. ಅದನ್ನು ಕುತ್ತಿಗೆ ಮುರಿಯದೆ ಕಲಿತದ್ದು ಶಿವಲಿಂಗಣ್ಣನ ಪುಣ್ಯ.

ಆದರೆ ವಿಚಾರಣೆ ಮುಗಿದದ್ದು ನಮ್ಮ ಮಾತಿನಿಂದಲ್ಲ. ಹೆಸರಿದ್ದವನನ್ನು ಇಳಿಸಿದ್ದರೆ ಸ್ಕ್ರಮ್‌ನಲ್ಲಿ ಮುಂಬೈಯವರೇ ಗೆಲ್ಲುತ್ತಿದ್ದರು ಎಂದು ಸಾಕ್ಷಿ ಹೇಳಿಸಲು ಮುಂಬೈಯ ಮ್ಯಾನೇಜರರು ತಮ್ಮ ಫ್ರಾನ್ಸಿಸನನ್ನು ಕರೆತಂದಿದ್ದರು. ಅಧ್ಯಕ್ಷರು ನನ್ನತ್ತ ಬೆರಳು ತೋರಿಸಿ, "ಇವನು ನಿನ್ನ ಎದುರು ಇಳಿಯಬೇಕಿತ್ತೇನಪ್ಪಾ?" ಎಂದರು. ಫ್ರಾನ್ಸಿಸ್ ನನ್ನನ್ನು ನೋಡಿದ, ತನ್ನ ಮ್ಯಾನೇಜರರನ್ನು ನೋಡಿದ, ಹೇಳಿದ:

"ಇಳಿದಿದ್ದರೆ ಸಾಹೇಬ್ರೇ, ನಾನು ಇವತ್ತು ಇಲ್ಲಿಗೆ ದೂರು ಹಿಡ್ಕೊಂಡು ಬರ್ತಿರಲಿಲ್ಲ, ಇವನ ಮನೆಗೆ ಹೂವು ಹಿಡ್ಕೊಂಡು ಹೋಗ್ತಿದ್ದೆ."